ಟ್ಯಾಂಕಿನ ಮುಚ್ಚಳದ ಬೀಗ

ನನ್ನ ಕೈಗುಣ ಸರಿಯಿಲ್ಲ ಅಂದರು. ಅಂದವರು ಬೇರೆ ಯಾರೂ ಅಲ್ಲ, ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ. ಅದನ್ನೂ ನನ್ನ ಮುಖ ನೋಡಿ ಅನ್ನಲಿಲ್ಲ. ಈ ಮನೆಗೆ ಬಂದು ನನ್ನ ತಲೆಗೂದಲು ಬೆಳ್ಳಗಾಗತೊಡಗಿದ್ದರೂ ಅವರು ನನ್ನೊಂದಿಗೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ನಾನು ಎದುರಿಗೇ ಕಂಬದ ಹಾಗೆ ನಿಂತಿದ್ದರೂ ತಮ್ಮನ ಕಡೆ ತಿರುಗಿ, "ನಿನ್ನ ಹೆಂಡ್ತಿಗೆ ಹೇಳು" ಎಂದು ಶುರುಮಾಡುತ್ತಿದ್ದರು. ನಾನೇನು ಕಿವುಡಿಯೇ? ಅಥವಾ ನನ್ನ ಗಂಡ ನನಗೂ ಅವರಿಗೂ ನಡುವೆ ಹಾಕಿದ ಮೈಕೇ?

ನಮ್ಮದು ಕೋಳಿ ಸಾಕುವ ಕೆಲಸ. ಮನೆಯ ಹಿಂದೆ ಕಲ್ಲುಗುಡ್ಡ. ಗುಡ್ಡದ ಬುಡದಲ್ಲಿ ಒಂದು ಶೆಡ್ಡು, ನೆತ್ತಿಯ ಹತ್ತಿರ ಇನ್ನೊಂದು. ಮೇಲಿನ ಶೆಡ್ಡಿಗೆ ಗಾಳಿ ಚೆನ್ನಾಗಿದೆ, ನೀರಿಲ್ಲ. ನೀರು, ಕಾಳು, ಹೊಟ್ಟು ಎಲ್ಲ ಕೆಳಗಿನಿಂದಲೇ ಹೋಗಬೇಕು. ದಾರಿ ಎಂಥದ್ದೆಂದರೆ ಟೆಂಪೊದವನು ಒಂದು ಸಲ ಬಂದು ಕೈಮುಗಿದು ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಮೊದಲು ನಾನೂ ನನ್ನ ಗಂಡನೂ ತಳ್ಳುಗಾಡಿಯಲ್ಲಿ ಏರಿಸುತ್ತಿದ್ದೆವು. ಅವರ ಸೊಂಟ ಹೋಯಿತು. ಆಮೇಲೆ ನಾನೊಬ್ಬಳೇ ತಳ್ಳುತ್ತಿದ್ದೆ. ಬಿಸಿಲಲ್ಲಿ ಗಾಡಿಯ ಹಿಂದೆ ಬಗ್ಗಿ ತಳ್ಳುವಾಗ ಕಣ್ಣಿಗೆ ಕಾಣುವುದು ನೆಲ ಒಂದೇ. ಹಾಗೆ ಎಷ್ಟು ವರ್ಷ ನೆಲ ನೋಡಿದೆನೋ.

ಹಾಗಿರುವಾಗ ಬಂತು ಈ ಎಟಿವಿ. ದಪ್ಪ ದಪ್ಪ ನಾಲ್ಕು ಚಕ್ರ, ಬೈಕಿನ ಹಾಗೆ ಹ್ಯಾಂಡಲ್ಲು, ಹಿಂದೆ ಮುಂದೆ ಕಬ್ಬಿಣದ ಚೌಕಟ್ಟು. ಕಲ್ಲು ಹತ್ತುತ್ತದೆ, ಹಳ್ಳ ಇಳಿಯುತ್ತದೆ. ಹೊರದೇಶದಿಂದ ಹಡಗಿನಲ್ಲಿ ಬಂದ ಅಗ್ಗದ ಮಾಲು. ಮಾರಿದವನು ಹುಲ್ಲು ಕತ್ತರಿಸುವ ಯಂತ್ರ, ಮಕ್ಕಳ ಸೈಕಲ್ಲು, ನೀರೆತ್ತುವ ಪಂಪು ಎಲ್ಲವನ್ನೂ ಒಂದೇ ಅಂಗಡಿಯಲ್ಲಿ ಇಟ್ಟುಕೊಂಡಿದ್ದ. ಗಾಡಿಯ ಜೊತೆ ಒಂದು ಪುಸ್ತಕ ಕೊಟ್ಟಿದ್ದ. ಯಾವುದೋ ಯಂತ್ರಕ್ಕೆ ಹೇಳಿ ಕನ್ನಡ ಮಾಡಿಸಿದ್ದು. "ಇಂಜಿನ್ ಸತ್ತರೆ ಶಾಂತಿಯಿಂದಿರಿ. ಕಿಡಿಯ ಮೇಣದಬತ್ತಿಯನ್ನು ಹೊರಗೆ ಕರೆಯಿರಿ" ಎಂದು ಬರೆದಿತ್ತು. ಓದಿ ಓದಿ ನಾನೂ ನನ್ನ ಗಂಡನೂ ನಕ್ಕಿದ್ದೆವು. ಇಂಜಿನ್ನು ನಿಜವಾಗಿ ಸಾಯುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ಓಡಿಸುವುದನ್ನು ನಾನೇ ಕಲಿತೆ. ಗಂಡನ ಸೊಂಟಕ್ಕೆ ಆ ಕುಲುಕಾಟ ಆಗುತ್ತಿರಲಿಲ್ಲ. ಭಾವನಿಗೆ ಮೊಪೆಡ್ಡೇ ಸಾಕಾಗಿತ್ತು. ಮೊದಲ ದಿನ ತುಂಬಿದ ನೀರಿನ ಕ್ಯಾನುಗಳನ್ನು ಕಟ್ಟಿಕೊಂಡು ಮೇಲಿನ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿ ತಿರುಗಿ ನೋಡಿದರೆ, ಕೆಳಗೆ ನಮ್ಮ ಮನೆ, ರಸ್ತೆ, ಆಚೆ ಪೇಟೆಯ ತಗಡಿನ ಮಾಡುಗಳು. ಅಷ್ಟು ವರ್ಷ ಆ ದಾರಿಯಲ್ಲಿ ಹತ್ತಿದ್ದೇನೆ, ತಲೆ ಎತ್ತಿ ನೋಡಿದ್ದು ಅವತ್ತೇ. ಕೀಲಿಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. ಯಾರು ಕೇಳಿದರೂ ಇದನ್ನು ಬಿಡುವವಳಲ್ಲ ಅಂದುಕೊಂಡೆ.

ಗಾಡಿಗೆ ಎರಡು ಕೀಲಿ. ಓಡಿಸುವುದು ನನ್ನ ಹತ್ತಿರ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ್ದು ಭಾವನ ಹತ್ತಿರ. ಅಂಗಿಯ ಒಳಜೇಬಿಗೆ ಪಿನ್ನು ಹಾಕಿ ಸಿಕ್ಕಿಸಿಕೊಂಡಿದ್ದರು. ಬೆಳಗ್ಗೆ ತಾವೇ ಬಂದು ಟ್ಯಾಂಕಿನ ಕುತ್ತಿಗೆಯವರೆಗೆ ಪೆಟ್ರೋಲು ತುಂಬಿ, ಬೀಗ ಹಾಕಿ ಹೋಗುವರು. "ಖಾಲಿ ಜಾಗ ಬಿಟ್ರೆ ಆವಿಯಾಗಿ ಹೋಗುತ್ತೆ" ಎನ್ನುವರು. ಅವರ ಬಾಯಲ್ಲಿ ಹೆಚ್ಚು ಬರುವ ಮಾತೇ ಅದು. ಕೆಮ್ಮಿನ ಔಷಧಿಯ ಬಾಟಲಿಗೆ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ಕು, ಮೇಲೆ ರಬ್ಬರ್ ಬ್ಯಾಂಡು. ಗೋಂದಿನ ಟ್ಯೂಬಿನ ಬಾಯಿಗೆ ಮೊಳೆ. ನೋವಿನ ಮುಲಾಮಿನ ಡಬ್ಬಿಯನ್ನು ಎಷ್ಟು ಬಿಗಿಯಾಗಿ ತಿರುಗಿಸಿಡುತ್ತಾರೆಂದರೆ ಅದನ್ನು ತೆಗೆಯಲು ಹೋಗಿಯೇ ಕೈ ನೋಯಬೇಕು. ನನ್ನ ಗಂಡ ಒಂದು ಸಲ ಮೆಲ್ಲಗೆ, "ನಮ್ಮಣ್ಣ ಯಾವತ್ತಾದ್ರೂ ನಮ್ಮ ಮೂಗಿಗೂ ಬಿರಡೆ ಹಾಕ್ತಾನೆ ನೋಡು" ಅಂದಿದ್ದರು. ನಕ್ಕುಬಿಟ್ಟಿದ್ದೆ. ನಗಬಾರದಿತ್ತು.

ಕೆಲವು ದಿನ ಚೆನ್ನಾಗಿ ಓಡಿದ ಗಾಡಿ ಒಂದು ಬೆಳಗ್ಗೆ ದಾರಿಯ ಅರ್ಧದಲ್ಲಿ, ಕರೆಂಟು ಕಂಬದ ತಿರುವಿನಲ್ಲಿ, ಮುಕ್ಕರಿಸಿ ಮುಕ್ಕರಿಸಿ ನಿಂತುಬಿಟ್ಟಿತು. ಗುಂಡಿ ಒತ್ತಿದರೆ ಗರ್ ಗರ್ ಅನ್ನುತ್ತದೆ, ಹತ್ತುವುದಿಲ್ಲ. ಗಂಡನಿಗೆ ಹೇಳಿ ಭಾವನಿಗೆ ಫೋನು ಮಾಡಿಸಿದೆ. ಮೊಪೆಡ್ಡಿನಲ್ಲಿ ಬಂದರು. ಒಳಜೇಬಿನಿಂದ ಕೀಲಿ ತೆಗೆದರು, ಟ್ಯಾಂಕಿನ ಮುಚ್ಚಳ ತೆರೆದು ಒಳಗೆ ಇಣುಕಿದರು. "ಪೆಟ್ರೋಲು ತುಂಬಿದೆ" ಎಂದು ಗಾಡಿಗೇ ಹೇಳಿದರು. ಮುಚ್ಚಿದರು. ಗುಂಡಿ ಒತ್ತಿದರು. ಗಾಡಿ ಒಂದೇ ಏಟಿಗೆ ಹತ್ತಿತು!

ಮರುದಿನವೂ ಹಾಗೇ. ಅದೇ ಕಂಬದ ಹತ್ತಿರ. ಅದಕ್ಕೂ ಮರುದಿನವೂ ಅಷ್ಟೇ. ಆ ಗಾಡಿಗೂ ಆ ಕಂಬಕ್ಕೂ ಹಿಂದಿನ ಜನ್ಮದ ಜಗಳವೋ ಏನೋ ಅನ್ನಿಸಿತು. ಪ್ರತಿ ಸಲವೂ ಭಾವ ಬರುವುದು, ಇಣುಕುವುದು, ಗುಂಡಿ ಒತ್ತುವುದು, ಗಾಡಿ ವಿಧೇಯವಾಗಿ ಗುರುಗುಟ್ಟುವುದು. ಅವರ ಮುಖದಲ್ಲಿ ಆಗ ಬರುತ್ತಿದ್ದ ಕಳೆ ನೋಡಬೇಕಿತ್ತು. ಸತ್ತವರನ್ನು ಎಬ್ಬಿಸಿದ ಡಾಕ್ಟರರ ಹಾಗೆ.

"ನನ್ನ ಕೈ ತಾಗಿದ್ರೆ ಸಾಕು ನೋಡಮ್ಮ" ಎಂದು ನಮ್ಮ ಅತ್ತೆಯ ಮುಂದೆ ಹೇಳಿಕೊಂಡರು. ಅತ್ತೆ, "ನಿನ್ನ ಕೈಗುಣ ಹಾಗೆ ಮಗಾ, ಚಿಕ್ಕಂದಿನಿಂದ್ಲೂ ಅಷ್ಟೇ" ಅಂದರು. ಅಲ್ಲಿಂದ ನನ್ನ ಕೈಗುಣದ ಮಾತು ಬಂತು.

ನಾನು ಸುಮ್ಮನೆ ಕೂರಲಿಲ್ಲ. ಕಿಡಿಯ ಮೇಣದಬತ್ತಿ ಅಂದರೆ ಸ್ಪಾರ್ಕ್ ಪ್ಲಗ್ಗು ಎಂದು ತಿಳಿದುಕೊಂಡು ಬಿಚ್ಚಿ, ಉಜ್ಜಿ ಹಾಕಿದೆ. ಗಾಳಿಯ ಫಿಲ್ಟರಿನಲ್ಲಿ ಕೋಳಿಯ ಪುಕ್ಕ ಸಿಕ್ಕಿತು, ತೆಗೆದು ತೊಳೆದೆ. ಪೆಟ್ರೋಲು ಹೋಗುವ ಪೈಪಿನ ನಡುವೆ ಇರುವ ಸಣ್ಣ ಜಾಲರಿ ಬದಲಾಯಿಸಿದೆ. ಕಂಬ ಬಂದ ಕೂಡಲೇ ಗಾಡಿ ನಿಂತಿತು. ಆ ವಾರ ನನಗೆ ಎಷ್ಟು ರೇಗುತ್ತಿತ್ತೆಂದರೆ, ಬಟ್ಟೆ ಒಗೆಯುವ ಕಲ್ಲಿನ ಮೇಲಿದ್ದ ನೀಲಿ ಸೋಪಿನ ಮೂಲೆಯನ್ನು ಯಾವುದೋ ಇಲಿ ಕೆರೆದು ತಿಂದಿದೆ ಎಂದು ಅದಕ್ಕೂ ಬೈದು ಬೋನು ಇಟ್ಟೆ. ಇಲಿ ಬೀಳಲಿಲ್ಲ.

ಕೊನೆಗೆ ಅಂಗಡಿಯವನು ಮೆಕ್ಯಾನಿಕ್ಕನ್ನು ಕಳಿಸಿದ. ನೆರಳಲ್ಲೂ ಕಪ್ಪು ಕನ್ನಡಕ ತೆಗೆಯದ ಆಸಾಮಿ. ಕಾರ್ಬೊರೇಟರು ಬಿಚ್ಚಿದ, ಊದಿದ, ಕೂರಿಸಿದ. ನಮ್ಮ ಗೇಟಿನಿಂದ ಕೂಡುರಸ್ತೆಯವರೆಗೆ ಹೋಗಿ ಬಂದ. "ಗಾಡಿ ಬೆಣ್ಣೆ ಹಾಗಿದೆ ಸಾರ್" ಅಂದ.

"ಗುಡ್ಡ ಹತ್ತಿಸಿ ನೋಡಪ್ಪಾ" ಅಂದೆ.

ಅವನು ನನ್ನ ಕಡೆ ತಿರುಗಲೂ ಇಲ್ಲ. "ಸಾರ್, ಓಡಿಸೋರು ಯಾರು?"

ಭಾವ ಗಲ್ಲವನ್ನು ನನ್ನ ಕಡೆ ಎತ್ತಿದರು.

"ಅದೇ ನೋಡಿ. ಲೇಡೀಸು ಒಂದೇ ಸಮನೆ ರೇಸ್ ಕೊಡ್ತಾರೆ, ಇಲ್ದಿದ್ರೆ ಒಮ್ಮೆಗೇ ಬಿಡ್ತಾರೆ. ಇಂಜಿನ್ ಉಸಿರು ಕಟ್ಟುತ್ತೆ. ಗಾಡಿದೇನೂ ತಪ್ಪಿಲ್ಲ, ಓಡಿಸೋರದ್ದು. ಇದಕ್ಕೆಲ್ಲ ವಾರಂಟಿ ಬರಲ್ಲ ಸಾರ್."

ನನ್ನ ಮೈಯೆಲ್ಲ ಉರಿದುಹೋಯಿತು. "ಲೋ, ನೀನು ಓಡಿಸಿದ್ದು ಎಷ್ಟು ದೂರ? ನಾನು ಸೊಪ್ಪು ತರೋಕೆ ನಡ್ಕೊಂಡು ಹೋಗೋಷ್ಟು ದೂರ! ಭಾರ ಕಟ್ಟಿಕೊಂಡು ಆ ಕಂಬ ದಾಟಿಸು, ಆಮೇಲೆ ಮಾತಾಡು!" ಅಂದೆ. ಅವನು ಕನ್ನಡಕ ಮೇಲೆ ತಳ್ಳಿಕೊಂಡು ನಕ್ಕ. ಭಾವ ನನ್ನ ಗಂಡನಿಗೆ, "ನಿನ್ನ ಹೆಂಡ್ತಿಗೆ ಹೇಳು, ಬಂದೋರ ಹತ್ರ ಹೀಗೆಲ್ಲ ನಾಲಿಗೆ ಹರಿಬಿಡಬಾರ್ದು" ಅಂದರು. ನನ್ನ ಗಂಡ ಸೊಂಟ ಹಿಡಿದುಕೊಂಡು ನೆಲ ನೋಡಿದರು. ಆ ಮನುಷ್ಯನಿಗೆ ಸೊಂಟ ನೋಯುವುದು ಯಾವಾಗ ಎಂದು ನನಗೆ ಚೆನ್ನಾಗಿ ಗೊತ್ತು.

ಅದಾದ ಮೇಲೆ ಬಂತು ಆ ಕೆಟ್ಟ ದಿನ. ಬಿಸಿಲು ಎಂದರೆ ತಗಡು ಮುಟ್ಟಿದರೆ ಕೈ ಅಂಟಿಕೊಳ್ಳುವಂಥದ್ದು. ನೀರಿನ ಕ್ಯಾನು ತುಂಬಿಕೊಂಡು ಹೊರಟೆ. ಕಂಬದ ಹತ್ತಿರ ನಿಂತಿತು. ಭಾವ ಪೇಟೆಗೆ ಹೋಗಿದ್ದರು, ಫೋನು ಎತ್ತಲಿಲ್ಲ. ಕ್ಯಾನುಗಳನ್ನು ಒಂದೊಂದಾಗಿ ಹೊತ್ತು ಹತ್ತಿದೆ. ಮೇಲಿನ ಶೆಡ್ಡಿಗೆ ಮುಟ್ಟುವಷ್ಟರಲ್ಲಿ ಮರಿಗಳು ಬಾಯಿ ತೆರೆದುಕೊಂಡು ಗೋಡೆಗೆ ಒತ್ತಿಕೊಂಡಿದ್ದವು. ಒಂದು ಬುಟ್ಟಿ ತುಂಬ ಸತ್ತವು. ಬುಟ್ಟಿಯನ್ನು ಅಂಗಳದಲ್ಲಿ ಇಳಿಸಿದಾಗ ಭಾವ ಅದನ್ನು ನೋಡಿದರು, ನನ್ನನ್ನು ನೋಡಲಿಲ್ಲ.

"ನಿನ್ನ ಹೆಂಡ್ತಿಗೆ ಹೇಳು, ಕೀಲಿ ಕೊಟ್ಟುಬಿಡೋಕೆ. ಕೆಲವರ ಕೈಗುಣ ಹಾಗೆ, ಏನು ಮಾಡೋಕಾಗುತ್ತೆ. ಭಾನುವಾರ ಅಳಿಯಂದ್ರು ಬರ್ತಾರೆ. ಬಸ್ಸು ಓಡಿಸೋರಿಗೆ ಇದ್ಯಾವ ಲೆಕ್ಕ. ಇನ್ಮೇಲೆ ಅವ್ರೇ ಇಲ್ಲಿದ್ದು ಗಾಡಿ ನೋಡ್ಕೋತಾರೆ. ಅಲ್ಲೀವರೆಗೂ ತಳ್ಳುಗಾಡಿ ಇದ್ಯಲ್ಲ."

ಆ ಮರಿಗಳು ಸತ್ತ ಸಂಕಟದಲ್ಲಿದ್ದೆ. ಕೀಲಿ ಕೊಟ್ಟೆ. ಕೊಟ್ಟ ಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಬಕೆಟ್ಟಿಗೆ ಒದ್ದೆ. ತಳ್ಳುಗಾಡಿ! ಮತ್ತೆ ಆ ನೆಲ!

ಶನಿವಾರ ಕೆಳಗಿನ ಶೆಡ್ಡಿನಲ್ಲಿ ಮರಿಗಳಿಗೆ ಔಷಧಿ ಕಲಸಿದ ನೀರು ಬಿಡುತ್ತಿದ್ದೆ. ಅದಕ್ಕೊಂದು ಪ್ಲಾಸ್ಟಿಕ್ ಡ್ರಮ್ಮು, ಕೆಳಗೆ ನಲ್ಲಿ. ನಲ್ಲಿ ತಿರುಗಿಸಿದೆ. ಸ್ವಲ್ಪ ಸುರಿದು, ಸಣ್ಣಗಾಗಿ, ತೊಟ್ಟಿಕ್ಕಿ ನಿಂತಿತು. ಡ್ರಮ್ಮು ಕುತ್ತಿಗೆವರೆಗೆ ತುಂಬಿದೆ. ಮೇಲೆ ನೋಡಿದರೆ ಮುಚ್ಚಳ ಬಿಗಿಯಾಗಿ ಕೂತಿದೆ. ಅದನ್ನು ಸಡಿಲ ಇಡಬೇಕು, ಗಾಳಿ ಒಳಗೆ ಹೋಗದೆ ನೀರು ಹೊರಗೆ ಬರುವುದಿಲ್ಲ. ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರುವ ವಿಷಯ. ನಾನು ಸಡಿಲ ಮಾಡಿಟ್ಟು ಹೋಗುತ್ತೇನೆ, ಭಾವ ಬಂದು ಬಿಗಿ ಮಾಡುತ್ತಾರೆ, ಔಷಧಿಯ ಸತ್ವ ಆವಿಯಾಗುತ್ತದೆಂದು. ದಿನಾ ಇದೇ ಆಟ. ಬೈದುಕೊಂಡು ಮುಚ್ಚಳ ತಿರುಗಿಸಿದೆ. ಡ್ರಮ್ಮು 'ಗುಳುಕ್' ಎಂದು ಗಾಳಿ ನುಂಗಿತು. ನಲ್ಲಿಯಲ್ಲಿ ನೀರು ದಬದಬನೆ ಬಂತು.

ನನ್ನ ಕೈ ಮುಚ್ಚಳದ ಮೇಲೇ ನಿಂತಿತು.

ಗಾಡಿ ನಿಂತಾಗಲೆಲ್ಲ ಭಾವ ಬಂದು ಮೊದಲು ಮಾಡುವುದೇನು? ಗುಂಡಿ ಒತ್ತುವುದಲ್ಲ. ಟ್ಯಾಂಕಿನ ಮುಚ್ಚಳ ತೆರೆಯುವುದು! ಕೈಗುಣವೂ ಇಲ್ಲ, ಕಾಲ್ಗುಣವೂ ಇಲ್ಲ. ಗೇಟಿನಿಂದ ಕೂಡುರಸ್ತೆಯವರೆಗೆ ಓಡುವುದಕ್ಕೆ ಬೇಕಾಗುವ ಪೆಟ್ರೋಲು ಗಾಳಿಯಿಲ್ಲದೆಯೂ ಇಳಿಯುತ್ತದೆ. ಕಂಬದವರೆಗೆ ಹೋಗುವುದು ನಾನೊಬ್ಬಳೇ. ಅದಕ್ಕೇ ನಿಲ್ಲುವುದು ನನಗೊಬ್ಬಳಿಗೇ. ಎಷ್ಟು ಸಿಟ್ಟು ಬಂತೆಂದರೆ ನಗು ಬಂತು.

ಗಂಡನಿಗೆ ಹೇಳಿದೆ. ಅವರು ಪೂರ್ತಿ ಕೇಳಿ, ತಲೆಯಾಡಿಸಿ, "ಇರಬಹುದು ಕಣೇ. ಆದ್ರೆ ಅಣ್ಣಂಗೆ ಹೇಗೆ ಹೇಳೋದು? ಬೇಜಾರು ಮಾಡ್ಕೋತಾನೆ" ಅಂದರು.

"ಅವ್ರಿಗೆ ಬೇಜಾರು! ನನ್ನ ತಲೆಗೆ ಒಂದು ಬುಟ್ಟಿ ಮರಿಗಳ ಸಾವು ಕಟ್ಟಿದ್ರಲ್ಲ, ನನಗೆ ಖುಷಿಯಾಗಿತ್ತಾ? ನೀವೇನೂ ಹೇಳ್ಬೇಡಿ. ನಾಳೆ ಅಳಿಯಂದ್ರು ಹತ್ತಿಸ್ಲಿ."

ಭಾನುವಾರ ಅಳಿಯ ಬಂದ. ಒಳ್ಳೆಯ ಹುಡುಗನೇ, ಬಸ್ಸಿನ ಸ್ಟೀರಿಂಗು ಹಿಡಿದು ಹಿಡಿದು ಭುಜ ಗಟ್ಟಿಯಾಗಿದೆ. ಭಾವ ಅವನಿಗೆ ಬೇರೆಯೇ ಒಂದು ದನಿ ಇಟ್ಟುಕೊಂಡಿದ್ದಾರೆ, ಜೇನು ಸವರಿದ್ದು. ಮಗಳನ್ನು ಕೊಟ್ಟ ಮನೆಯಲ್ಲವೇ! ಟ್ಯಾಂಕು ತುಂಬಿ ಬೀಗ ಹಾಕಿ, ಕ್ಯಾನುಗಳನ್ನು ನನ್ನ ಕೈಯಲ್ಲಿ ಕಟ್ಟಿಸಿ, ಅವನನ್ನು ಕಳಿಸಿದರು. "ನೋಡು ಹೇಗೆ ಹೋಗುತ್ತೆ" ಎಂದು ತಮ್ಮನಿಗೆ ಹೇಳಿದರು. ಗಾಡಿಯ ಸದ್ದು ಗುಡ್ಡದ ಮೇಲೆ ಏರುತ್ತಾ ಹೋಯಿತು. ನಾನು ಸೆರಗು ಸಿಕ್ಕಿಸಿಕೊಂಡು ನಿಂತಿದ್ದೆ. ಸದ್ದು ಮುಕ್ಕರಿಸಿತು. ನಿಂತಿತು. ಸ್ವಲ್ಪ ಹೊತ್ತಿಗೆ ಭಾವನ ಫೋನು ಬಡಿದುಕೊಂಡಿತು.

ಭಾವ ಮೊಪೆಡ್ಡಿನಲ್ಲಿ ಹೋದರು. ನಾನು ಅಡ್ಡದಾರಿಯಲ್ಲಿ ಏರಿದೆ. ಗಂಡ ಹಿಂದೆ ಹಿಂದೆ ಏದುಸಿರು ಬಿಡುತ್ತಾ ಬಂದರು. ಕಂಬದ ಬುಡದಲ್ಲಿ ಗಾಡಿ. ಅಳಿಯ ಬೆವರು ಒರೆಸಿಕೊಳ್ಳುತ್ತಿದ್ದ.

"ಏನಾಯ್ತೋ ಗೊತ್ತಾಗ್ಲಿಲ್ಲ ಮಾವ. ಚೆನ್ನಾಗೇ ಎಳೀತಿತ್ತು."

ಇನ್ನೇನು ಹೇಳುತ್ತಾರೆ ನೋಡೋಣ ಎಂದು ಕಾದೆ. ಅಳಿಯನ ಕೈಗುಣಕ್ಕೆ ಹೆಸರಿಡಲು ಆಗುವುದಿಲ್ಲವಲ್ಲ! ಭಾವ ಒಂದು ಕ್ಷಣವೂ ತಡವರಿಸಲಿಲ್ಲ.

"ನಿಮ್ದೇನೂ ತಪ್ಪಿಲ್ಲ ಅಳಿಯಂದ್ರೇ. ಮೊದ್ಲೇ ಓಡಿಸಿ ಓಡಿಸಿ ಹಾಳು ಮಾಡಿಟ್ಟಿದಾರೆ ಇಂಜಿನ್ನನ್ನ."

ಕೇಳಿದಿರಾ! ನನ್ನ ಕೈಯಲ್ಲಿ ನಿಂತರೆ ನನ್ನ ತಪ್ಪು. ಇನ್ನೊಬ್ಬರ ಕೈಯಲ್ಲಿ ನಿಂತರೂ ನನ್ನದೇ ತಪ್ಪು! ಸುಮ್ಮನಿದ್ದು ಮಜಾ ನೋಡಬೇಕೆಂದು ಬಂದವಳಿಗೆ ತಡೆಯಲಾಗಲಿಲ್ಲ. ಅವರು ಒಳಜೇಬಿಗೆ ಕೈ ಹಾಕಿದರು. ನಾನು ಹೋಗಿ ಟ್ಯಾಂಕಿನ ಮುಚ್ಚಳದ ಮೇಲೆ ಅಂಗೈ ಒತ್ತಿ ನಿಂತೆ.

"ಇದನ್ನ ತೆಗೀದೆ ಗಾಡಿ ಶುರು ಮಾಡಿ ಭಾವ. ನಿಮ್ಮ ಕೈಗುಣ ನೋಡೋಣ."

"ನಿನ್ನ ಹೆಂಡ್ತಿಗೆ ಹೇಳು, ಪಕ್ಕಕ್ಕೆ ಸರಿಯೋಕೆ."

ನನ್ನ ಗಂಡ ಬಂಡೆಗೆ ಒರಗಿ ಉಸಿರು ಎಳೆದುಕೊಳ್ಳುತ್ತಿದ್ದರು. ಸೊಂಟ ಹಿಡಿದುಕೊಂಡಿರಲಿಲ್ಲ. "ಅವ್ಳು ಹೇಳಿದ ಹಾಗೆ ಮಾಡಣ್ಣ" ಅಂದರು.

ಭಾವ ಗುಂಡಿ ಒತ್ತಿದರು. ಗರ್ ಗರ್. ಮತ್ತೆ ಒತ್ತಿದರು. ಕೈ ಒರೆಸಿಕೊಂಡು ಒತ್ತಿದರು. ಇಲ್ಲ. ಅಳಿಯ ಒತ್ತಿ ನೋಡಿದ, ಇಲ್ಲ.

"ಈಗ ಕೊಡಿ ಬೀಗದ ಕೈ."

ಅವರು ಕೊಡಲಿಲ್ಲ. ಅಳಿಯ ಕೈಚಾಚಿ, "ಕೊಡಿ ಮಾವ, ನೋಡೇಬಿಡೋಣ" ಅಂದ. ಅವನಿಗೆ ಇಲ್ಲವೆನ್ನಲಾಗದೆ ಕೊಟ್ಟರು. ಅವನು ಮುಚ್ಚಳ ತಿರುಗಿಸಿದ. 'ಸ್ಸ್ಸ್' ಎಂದು ಟ್ಯಾಂಕು ಉಸಿರು ಎಳೆದುಕೊಂಡಿತು, ನೀರಲ್ಲಿ ಮುಳುಗಿದವನು ಮೇಲೆ ಬಂದ ಹಾಗೆ. ಗುಂಡಿ ಒತ್ತಿದ. ಗಾಡಿ ಹತ್ತಿತು.

ಮುಚ್ಚಳದ ನೆತ್ತಿಯಿಂದ ಸಣ್ಣ ರಬ್ಬರ್ ಕೊಳವೆಯೊಂದು ಹೊರಟು ಹ್ಯಾಂಡಲ್ಲಿನ ನಡುವಿನ ತೂತಿನೊಳಗೆ ಹೋಗಿತ್ತು. ಟ್ಯಾಂಕಿಗೆ ಗಾಳಿ ಹೋಗಲೆಂದೇ ಇಟ್ಟಿದ್ದು. ಕೊಳವೆಯನ್ನು ಹಿಡಿದು ಎಳೆದೆ. ತುದಿಯಲ್ಲಿ ಏನೋ ಗಟ್ಟಿಯಾಗಿ ತುರುಕಿತ್ತು, ಅದರ ಮೇಲೆ ದಾರ ಸುತ್ತಿತ್ತು. ದಾರ ಬಿಚ್ಚಿ ಉಗುರಿನಿಂದ ಕೆರೆದೆ. ನೀಲಿ ಬಣ್ಣದ್ದು. ಮೂಸಿ ನೋಡಿದೆ.

ನನ್ನ ಬಟ್ಟೆ ಸೋಪು!

"ಬೋನು ಇಟ್ಟು ಕಾಯ್ತಿದ್ದೆ. ಇಲಿ ಇವತ್ತು ಬಿತ್ತು" ಅಂದೆ.

ಅಳಿಯನಿಗೆ ಅರ್ಥವಾಗಲಿಲ್ಲ. ನನ್ನ ಗಂಡನಿಗೆ ಆಯಿತು. ಬಂಡೆಯ ಕಡೆ ತಿರುಗಿಕೊಂಡರು, ಭುಜ ಅಲ್ಲಾಡುತ್ತಿತ್ತು. ಭಾವ ಕಂಬದ ತಂತಿಯನ್ನು ಎಣಿಸುವವರ ಹಾಗೆ ಮೇಲೆ ನೋಡಿದರು.

"ಅಲ್ಲ, ಪೆಟ್ರೋಲು ವಾಸನೆ ಬರ್ತಿತ್ತು ಅದರಿಂದ. ಎಲ್ಲ ಆವಿಯಾಗಿ ಹೋಗ್ತಿತ್ತು. ಅಂಥಾ ತೂತು ಯಾರಾದ್ರೂ ಬಿಡ್ತಾರಾ? ಕಂಪನಿಯೋರದ್ದೇ ತಪ್ಪು. ಅಗ್ಗದ ಮಾಲು." ಓಡಿಸುವ ಕೀಲಿ ಕಿತ್ತು ತಮ್ಮನ ಕಡೆ ಚಾಚಿದರು. "ಸರಿ, ಗಾಡಿ ಸರಿಹೋಯ್ತಲ್ಲ. ನಿನ್ನ ಹೆಂಡ್ತಿಗೆ ಕೊಡು."

ಸರಿಹೋಯಿತಂತೆ! ಗಾಡಿಗೆ ನೆಗಡಿಯಾಗಿತ್ತು, ತಾನಾಗಿ ವಾಸಿಯಾಯಿತು ಎಂಬಂತೆ! ಗಂಡ ಕೈ ಚಾಚುವುದಕ್ಕೆ ಮೊದಲೇ ನಾನು ಅಡ್ಡ ಬಂದೆ.

"ಬೇಡ. ಆ ಕಪ್ಪು ಕನ್ನಡಕದವನಿಗೆ ಫೋನು ಮಾಡಿ. ಎಲ್ಲರಿಗೂ ಕೇಳೋ ಹಾಗೆ ಇಡಿ. ಅವನ ಮುಂದೆ ನನ್ನ ಮಾನ ತೆಗೆದ್ರಿ, ಅವನ ಮುಂದೇನೇ ವಾಪಸ್ ಕೊಡಿ. ಅಲ್ಲೀವರೆಗೂ ಈ ಗಾಡಿ ನಾನು ಮುಟ್ಟಲ್ಲ. ಮೇಲೆ ಮರಿಗಳು ಬಾಯಿ ತೆರೆದುಕೊಂಡು ಕೂತಿವೆ. ನೀವುಂಟು, ತಳ್ಳುಗಾಡಿ ಉಂಟು."

"ಮಾಡಿ ಮಾವ" ಅಂದ ಅಳಿಯ, ಮೆಲ್ಲಗೆ.

ಅಳಿಯನ ಮುಂದೆ ಅವರು ಏನು ಮಾಡಿಯಾರು? ಫೋನು ಒತ್ತಿದರು.

"ಹೇಳಿ ಸಾರ್. ಮತ್ತೆ ನಿಂತ್ಹೋಯ್ತಾ? ನಾನು ಅವತ್ತೇ ಹೇಳಿದ್ನಲ್ಲ, ಓಡಿಸೋರ ತಪ್ಪು ಅಂತ" ಎಂದಿತು ಫೋನು.

ಭಾವ ಗಂಟಲು ಸರಿಮಾಡಿಕೊಂಡರು. "ಓಡಿಸೋರದ್ದಲ್ಲ. ಟ್ಯಾಂಕಿನ ಗಾಳಿ ಕೊಳವೆಗೆ ಸೋಪು ಮೆತ್ತಿತ್ತು."

"ಸೋಪಾ? ಯಾರು ಸಾರ್ ಹಾಕಿದ್ದು?"

ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ನಾನೇ" ಅಂದರು.

"ಏನು ಸಾರ್? ಕೇಳಿಸ್ಲಿಲ್ಲ."

"ನಾನೇ ಕಣಯ್ಯಾ! ನಾನೇ ಮುಚ್ಚಿದ್ದು! ನಮ್ಮ ತಮ್ಮನ ಹೆಂಡ್ತಿ ಸರಿಯಾಗೇ ಓಡಿಸ್ತಾಳೆ. ನೀನು ಕೊಳವೆ ಯಾಕೆ ನೋಡ್ಲಿಲ್ಲ? ದೊಡ್ಡ ಮೆಕ್ಯಾನಿಕ್ಕು!"

ಫೋನಿಟ್ಟರು. ಕೀಲಿ ಹಿಡಿದ ಕೈ ಇನ್ನೂ ತಮ್ಮನ ಕಡೆಗೇ ಇತ್ತು. ನಾನು ಅಂಗೈ ಚಾಚಿ ನಿಂತೆ. ಆ ಕೈ ನಿಧಾನವಾಗಿ ನನ್ನ ಕಡೆ ತಿರುಗಿತು.

"ತಗೋಮ್ಮಾ" ಅಂದರು. ನನಗೆ. ನನ್ನ ಮುಖ ನೋಡಿ. ಈ ಮನೆಗೆ ಬಂದ ಮೇಲೆ ಅವರು ನನಗೆ ಅಂದ ಮೊದಲ ಮಾತು.

ನನ್ನ ಸಿಟ್ಟು ಇಳಿಯಿತು ಎಂದುಕೊಂಡಿರಾ? ಅಳಿಯನ ಕೈಯಲ್ಲಿದ್ದ ಮುಚ್ಚಳದ ಕೀಲಿಯನ್ನೂ ತೆಗೆದುಕೊಂಡೆ. ಗಾಡಿ ಏರಿ ಕಂಬ ದಾಟಿಸಿದೆ. ಮೇಲಿನ ಶೆಡ್ಡಿಗೆ ಹೋಗಿ ನೀರು ಬಿಟ್ಟು, ಮರಿಗಳು ಕೊಕ್ಕು ಎತ್ತಿ ಎತ್ತಿ ಕುಡಿಯುವುದನ್ನು ನೋಡುತ್ತಾ ಕೂತೆ. ಆ ಬುಟ್ಟಿಯಲ್ಲಿದ್ದವೂ ಹೀಗೇ ಕುಡಿಯಬೇಕಿತ್ತು. ಅದಕ್ಕೆ ಯಾರ ಫೋನು, ಯಾರ 'ನಾನೇ' ಸಾಕಾಗುತ್ತದೆ?

ಇಳಿದು ಮನೆಗೆ ಬಂದಾಗ ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. "ಕಂಪನಿಯೋರು ಬೇಡದ ಕಡೆ ತೂತು ಬಿಟ್ಟಿದ್ರಂತೆ. ನಮ್ಮ ದೊಡ್ಡೋನು ಪತ್ತೆ ಹಚ್ಚಿದ."

ನಾನು ಗಾಡಿಯ ಇಂಜಿನ್ನು ಆರಿಸಲಿಲ್ಲ. ಅಂಗಳದಲ್ಲೇ ನಿಲ್ಲಿಸಿ, ಅವರ ಮಾತು ಮುಳುಗಿಹೋಗುವಷ್ಟು ರೇಸ್ ಕೊಟ್ಟೆ.